ಬಲಕ್ಕೆ ಎಳೆಯುತ್ತಿದ್ದ ಯಂತ್ರ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಹರಿಹರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ಅದರ ಕೊನೆಯ ಹತ್ತೊಂಬತ್ತು ವರ್ಷ ಹುಲ್ಲು ಕತ್ತರಿಸುವ ಯಂತ್ರವನ್ನು ನೋಡಿಕೊಂಡೆ. ಹೀಗೆ ಹೇಳಿದರೆ ಜನ ನಗುತ್ತಾರೆ. ವಿದ್ಯಾನಗರದಲ್ಲಿರುವ ನನ್ನ ಷಡ್ಡಕ ಈಗಲೂ ಮದುವೆ ಮನೆಗಳಲ್ಲಿ ನನ್ನನ್ನು ಪರಿಚಯ ಮಾಡಿಕೊಡುವಾಗ, "ಇವ್ರು ಫ್ಯಾಕ್ಟರಿಯಾಗ ಹುಲ್ಲು ಕೊಯ್ತಿದ್ರು" ಎಂದೇ ಶುರು ಮಾಡುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಆದರೆ ಕೊಯ್ಯುತ್ತಿದ್ದವರು ಬೇರೆ, ಕೊಯ್ಯುವ ಯಂತ್ರವನ್ನು ಹದದಲ್ಲಿ ಇಡುತ್ತಿದ್ದವನು ನಾನು. ಈ ವ್ಯತ್ಯಾಸವನ್ನು ಮರೆತರೆ ಮುಂದೆ ಬರೆಯುವುದು ಅರ್ಥವಾಗುವುದಿಲ್ಲ.

ಹೋದ ತಿಂಗಳು ದಾವಣಗೆರೆಯಲ್ಲಿ ಹೊಸದಾಗಿ ಕ್ರಿಕೆಟ್ ಅಂಗಳ ಮಾಡಿಕೊಂಡಿರುವ ಒಬ್ಬರು ನನ್ನನ್ನು ಕರೆದು, ಕೆಲಸಕ್ಕೆ ಸೇರಿರುವ ನಾಲ್ಕು ಜನರಿಗೆ ಎರಡು ಮಾತು ಹೇಳಿ ಎಂದರು. ಹೋಗಿ ಹೇಳಿದೆ. ಬ್ಲೇಡು, ಎಣ್ಣೆ, ಗ್ರೀಸು, ಎತ್ತರ ಎಂದೆಲ್ಲ ಹೇಳಿ, ಚಹಾ ಕುಡಿದು ಸರಸ್ವತಿ ನಗರದ ಮನೆಗೆ ಬಂದೆ. ಸ್ಕೂಟರ್ ನಿಲ್ಲಿಸುವಾಗ ಹೊಳೆಯಿತು, ಮುಖ್ಯವಾದದ್ದನ್ನು ಹೇಳದೆ ಬಂದಿದ್ದೆ. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ಕಾರ್ಖಾನೆಯ ವಸತಿ ಬಡಾವಣೆಯ ಹಿಂದೆ, ಹೊಳೆಯ ಕಡೆಗೆ, ಅಧಿಕಾರಿಗಳ ಕ್ಲಬ್ಬಿತ್ತು. ಅದಕ್ಕೆ ಸೇರಿದಂತೆ ಆರು ಕುಳಿಗಳ ಚಿಕ್ಕ ಗಾಲ್ಫ್ ಅಂಗಳ. ಪ್ರತಿ ಕುಳಿಯ ಸುತ್ತ ಒಂದು ಒಕ್ಕುವ ಕಣದಷ್ಟು ಜಾಗದಲ್ಲಿ ಹುಲ್ಲನ್ನು ನಾಲ್ಕೈದು ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿ ಇಡಬೇಕು. ಅದಕ್ಕೆ ಗ್ರೀನ್ ಎನ್ನುತ್ತಾರೆ. ಚೆಂಡು ಅದರ ಮೇಲೆ ಸಿಮೆಂಟ್ ನೆಲದ ಮೇಲೆ ಉರುಳಿದಂತೆ ಉರುಳಬೇಕು, ಆದರೆ ಹುಲ್ಲು ಬದುಕಿರಬೇಕು. ಆ ಹುಲ್ಲಿಗೆ ವಿದೇಶಿ ಹೆಸರಿತ್ತು. ಹತ್ತಿರ ಹೋಗಿ ನೋಡಿದರೆ ನಮ್ಮ ಗರಿಕೆಯದೇ ಬಳಗ. ಬೇಲಿಯ ಆಚೆ ಎಮ್ಮೆ ಮೇಯಿಸುವವರು ನಿಂತು ನೋಡುತ್ತಿದ್ದರು. ಒಬ್ಬ ಮುದುಕ ಒಮ್ಮೆ, "ಇಷ್ಟು ಚಲೋ ಹುಲ್ಲು ಬೆಳ್ಸಿ ದನಾನೇ ಬಿಡಾಂಗಿಲ್ಲ ಅಂದ್ರೆ ಏನರ್ಥರೀ?" ಎಂದು ಕೇಳಿದ್ದ.

ಗ್ರೀನ್ ಕತ್ತರಿಸುವ ಯಂತ್ರ ರಸ್ತೆ ಬದಿಯ ಹುಲ್ಲು ಹೊಡೆಯುವ ಯಂತ್ರದ ಹಾಗಲ್ಲ. ಇದರಲ್ಲಿ ಹನ್ನೊಂದು ಬ್ಲೇಡುಗಳನ್ನು ಸುರುಳಿಯಾಗಿ ಜೋಡಿಸಿದ ಒಂದು ರೀಲ್ ಇರುತ್ತದೆ. ಅದರ ಕೆಳಗೆ ಅಲುಗಾಡದ ಒಂದು ಉಕ್ಕಿನ ಪಟ್ಟಿ. ರೀಲ್ ತಿರುಗುತ್ತ ಪ್ರತಿ ಬ್ಲೇಡೂ ಪಟ್ಟಿಯನ್ನು ಸವರಿಯೂ ಸವರದಂತೆ ದಾಟಬೇಕು. ನಡುವೆ ಸಿಕ್ಕ ಹುಲ್ಲು ಕತ್ತರಿಯಲ್ಲಿ ಸಿಕ್ಕ ಬಟ್ಟೆಯಂತೆ ತುಂಡಾಗುತ್ತದೆ. ಯಂತ್ರದ ಹಿಂದೆ ಒಂದು ದೊಡ್ಡ ಡ್ರಮ್, ಮುಂದೆ ಒಂದು ಸಣ್ಣ ರೋಲರ್. ಮುಂದಿನ ರೋಲರನ್ನು ಎಷ್ಟು ಮೇಲೆ ಕೆಳಗೆ ಮಾಡುತ್ತೀರಿ ಎನ್ನುವುದರ ಮೇಲೆ ಹುಲ್ಲಿನ ಎತ್ತರ ನಿಲ್ಲುತ್ತದೆ. ನಡೆಸುವವರು ಹಿಡಿಕೆ ಹಿಡಿದು ಹಿಂದೆ ನಡೆಯುತ್ತಾರೆ. ಇಷ್ಟೇ ಯಂತ್ರ. ಇದರಲ್ಲಿ ಕೆಡಲು ಏನಿದೆ ಎಂದು ನಾನೂ ಮೊದಲ ದಿನ ಅಂದುಕೊಂಡಿದ್ದೆ.

ನನಗೆ ಕಲಿಸಿದವರು ಖಾದರ್ ಮೇಸ್ತ್ರಿ. ನಾನು ಮೆಷಿನ್ ಶಾಪಿನಿಂದ ಹೋದವನು, ನಟ್ಟು ಕಂಡರೆ ಬಿಗಿಯುವ ಕೈ. ಹುಲ್ಲು ಸರಿಯಾಗಿ ಕತ್ತರಿಸುತ್ತಿಲ್ಲ ಎಂದು ಯಾರೋ ಹೇಳಿದ ದಿನ ರೀಲನ್ನು ಪಟ್ಟಿಗೆ ಒತ್ತಿ ಬಿಗಿದೆ. ಬೆಳಗಿನ ತಂಪಿನಲ್ಲಿ ಚೆನ್ನಾಗಿಯೇ ತಿರುಗಿತು. ಎರಡನೇ ಗ್ರೀನ್ ಮುಗಿಯುವ ಹೊತ್ತಿಗೆ ಉಕ್ಕು ಕಾದು ಹಿಗ್ಗಿ ಕಿರ್ರೆಂದು ಕೂಗತೊಡಗಿತು. ಬಿಚ್ಚಿ ನೋಡಿದರೆ ಪಟ್ಟಿಯ ಅಂಚು ನೀಲಿಯಾಗಿತ್ತು. ಖಾದರ್ ಮೇಸ್ತ್ರಿ ಬಯ್ಯಲಿಲ್ಲ. ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು, ಹಳೆಯ ದಿನಪತ್ರಿಕೆಯಿಂದ ಬೆರಳಗಲದ ಪಟ್ಟಿಗಳನ್ನು ಹರಿದು ನನ್ನ ಮುಂದೆ ಇಟ್ಟರು.

"ಬಿಗಿ ಮಾಡಿದ್ರೆ ಕತ್ತರಿಸ್ತೈತೆ ಅನ್ಕಬ್ಯಾಡ ಬಸಣ್ಣ. ಈ ಕಾಗ್ದ ಹಿಡಿ. ಕೈಲೇ ರೀಲ್ ತಿರ್ವು. ಕಾಗ್ದ ಚಕ್ ಅಂತ ತುಂಡಾಗ್ಬೇಕು, ಆದ್ರೆ ರೀಲು ಬೆರಳ್ನಾಗ ನೂಕಿದ್ರೆ ತಿರಗ್ತಿರ್ಬೇಕು. ಈ ತುದಿ ನೋಡು, ನಡುವೆ ನೋಡು, ಆ ತುದಿ ನೋಡು. ಮೂರೂ ಕಡಿ ಒಂದೇ ಥರ ಆತಾ, ಬಂದ್ ಮಾಡಿ ಎದ್ದು ಹೋಗು. ಇನ್ನಷ್ಟು ಚಲೋ ಮಾಡ್ತೀನಿ ಅಂತ ಕುಂತ್ಕಬ್ಯಾಡ."

ಇಷ್ಟನ್ನೇ ಅವರು ಎರಡು ವರ್ಷ ಬೇರೆ ಬೇರೆ ರೀತಿಯಲ್ಲಿ ಹೇಳಿದರು. ಬ್ಲೇಡು ಮೊಂಡಾದರೆ ಅರೆಯುವ ಪೇಸ್ಟ್ ಬಳಿದು ರೀಲನ್ನು ಹಿಮ್ಮುಖವಾಗಿ ತಿರುಗಿಸಿ ಸಾಣೆ ಮಾಡುವುದು, ಪೇಸ್ಟಿನ ಒಂದು ಕಣವೂ ಬೇರಿಂಗಿಗೆ ಹೋಗದಂತೆ ತೊಳೆಯುವುದು, ಎತ್ತರ ಅಳೆಯುವ ಕಬ್ಬಿಣದ ಪಟ್ಟಿಯನ್ನು ರೋಲರ್ ಮತ್ತು ಡ್ರಮ್ಮಿನ ಮೇಲೆ ಮಲಗಿಸಿ ಎರಡೂ ತುದಿಯಲ್ಲಿ ಅಳೆಯುವುದು. ಎರಡೂ ತುದಿ ಎನ್ನುವುದನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ಅವರು ನಿವೃತ್ತರಾದ ಮೇಲೆ ನಾನೂ ಅದೇ ಧಾಟಿಯಲ್ಲಿ ಬೇರೆಯವರಿಗೆ ಹೇಳತೊಡಗಿದ್ದೆ. ಹೇಳುವುದು ರೂಢಿಯಾದ ಮೇಲೆ ಮಾಡುವುದು ಸ್ವಲ್ಪ ಸಡಿಲವಾಗುತ್ತದೆ. ಇದು ನನ್ನ ಅನುಭವ.

ಇನ್ನು ಹನುಮಕ್ಕನ ವಿಷಯ. ಆಕೆಯ ಗಂಡ ಈ ಯಂತ್ರವನ್ನು ನಡೆಸುತ್ತಿದ್ದವನು. ಕಾಮಾಲೆಯಾಗಿ ತೀರಿಕೊಂಡ. ಹನುಮಕ್ಕ ಮೊದಲಿನಿಂದಲೂ ಕಳೆ ಕೀಳುವ ಹೆಂಗಸರ ಗುಂಪಿನಲ್ಲಿದ್ದಳು. ಗ್ರೀನಿನಲ್ಲಿ ಕಳೆ ಕೀಳುವುದೆಂದರೆ ಕುಕ್ಕರುಗಾಲಲ್ಲಿ ಕುಳಿತು, ಚಾಕುವಿನ ತುದಿಯಲ್ಲಿ, ಒಂದೊಂದೇ ಬೇರನ್ನು ಎಬ್ಬಿಸಿ ತೆಗೆಯುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಏಳುವಂತಿಲ್ಲ. ಗಂಡ ಸತ್ತು ಮೂರು ತಿಂಗಳಾದ ಮೇಲೆ ಆಕೆ ನನ್ನ ಷೆಡ್ಡಿನ ಬಾಗಿಲಿಗೆ ಬಂದು ನಿಂತು, "ಬಸಣ್ಣ, ಆ ಮಿಷನ್ ನಾನು ಹೊಡಿತೀನ್ರಿ" ಎಂದಳು.

"ನಿನಗೆ ಬರ್ತೈತಾ?"

"ಅವರಿಗೆ ಜ್ವರ ಬಂದಾಗ ಯಾರ್ ಹೊಡಿತಿದ್ರು ಅನ್ಕಂಡೀರಿ? ಬೆಳಿಗ್ಗೆ ಸಾಹೇಬ್ರು ಏಳಾದ್ರಾಗ ಹೊಡ್ದು ಇಡ್ತಿದ್ದೆ."

ನನಗೆ ಗೊತ್ತಿರಲಿಲ್ಲ. ನಡೆಸಿ ತೋರಿಸು ಎಂದೆ. ಕ್ಲಚ್ ಹಿಡಿದು ಹೊರಟವಳು ಎದುರಿನ ಮರವೊಂದನ್ನು ಗುರಿ ಇಟ್ಟುಕೊಂಡು ನೇರ ಗೆರೆ ಎಳೆದಳು. ಗಂಡನ ಗೆರೆಗಿಂತ ನೇರವಾಗಿತ್ತು. ಯಾಕೆ ಈ ಕೆಲಸವೇ ಬೇಕು ಎಂದು ಕೇಳಿದ್ದಕ್ಕೆ ಆಕೆ ಹೇಳಿದ್ದು ಇಷ್ಟೇ: "ಹನ್ನೆರಡು ವರ್ಷ ಕುಂತು ಕಳೆ ಕಿತ್ತೀನ್ರಿ. ಮೊಣಕಾಲು ಮಡಚಿದ್ರೆ ಬಿಚ್ಚಲ್ಲ. ಈ ತೋಟದಾಗ ನಿಂತು ಮಾಡೋ ಕೆಲ್ಸ ಇದೊಂದೇ."

ತೋಟ, ಕ್ಲಬ್ಬು ಎಲ್ಲವೂ ಮೂರ್ತಿ ಸಾಹೇಬರ ಕೈಕೆಳಗಿದ್ದವು. ಮೈಸೂರಿನ ಕಡೆಯವರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಸದಾ ಒಂದು ಸಣ್ಣ ಅಳತೆ ಟೇಪು. ಕೆಟ್ಟ ಮನುಷ್ಯರಲ್ಲ. ಆದರೆ ಒಮ್ಮೆ ಮನಸ್ಸಿನಲ್ಲಿ ಮೂಡಿದ ಅಭಿಪ್ರಾಯವನ್ನು ಅವರು ಸುಲಭಕ್ಕೆ ಬಿಡುತ್ತಿರಲಿಲ್ಲ. ಹೆಂಗಸಿನ ಕೈಗೆ ಆಮದಿನ ಯಂತ್ರವನ್ನು ಕೊಡಲು ಅವರಿಗೆ ಇಷ್ಟವಿರಲಿಲ್ಲ. ನಾನು ಮೂರು ಸಲ ಹೋಗಿ ಹೇಳಿದ ಮೇಲೆ ಒಪ್ಪಿದರು. "ಆಯ್ತು ಬಸವರಾಜಪ್ಪ, ಆರು ತಿಂಗಳು ಟ್ರಯಲ್ ನೋಡೋಣ. ಒಂದೇ ಒಂದು ಗ್ರೀನ್ ಹಾಳಾಯ್ತೋ, ಆಕೆ ವಾಪಸ್ ಕಳೆ ಕೀಳೋಕೆ ಹೋಗಬೇಕು. ಆಮೇಲೆ ನನ್ನ ಹತ್ತಿರ ಬರಬೇಡಿ." ಆ ಷರತ್ತನ್ನು ನಾನೇ ಹೋಗಿ ಹನುಮಕ್ಕನಿಗೆ ತಿಳಿಸಿದೆ. ಆಕೆ ತಲೆಯಾಡಿಸಿದಳು.

ಯಂತ್ರ ನಡೆಸುವವರಲ್ಲಿ ಎರಡು ಬಗೆ. ಕೆಲವರು ಯಂತ್ರ ನಿಂತಾಗ ಮಾತ್ರ ಫಿಟ್ಟರನ್ನು ಕರೆಯುತ್ತಾರೆ. ಹನುಮಕ್ಕ ಯಂತ್ರ ನಡೆಯುತ್ತಿರುವಾಗಲೇ ಕರೆಯುತ್ತಿದ್ದಳು. ಗ್ರೀನಿಗೆ ಮೇಲಿನಿಂದ ಹೊಳೆಯ ಮರಳು ಉದುರಿಸುವ ಪದ್ಧತಿಯಿತ್ತು, ನೆಲ ಸಮವಾಗಲೆಂದು. ಎಷ್ಟು ಜರಡಿ ಹಿಡಿದರೂ ಅದರಲ್ಲಿ ಒಂದೆರಡು ಹರಳು ಉಳಿದೇ ಉಳಿಯುತ್ತವೆ. ಒಂದು ಬೆಳಿಗ್ಗೆ ಆಕೆ ಯಂತ್ರ ನಿಲ್ಲಿಸಿ, "ಒಂದು ಬ್ಲೇಡು ಮಾತಾಡ್ತೈತ್ರಿ" ಎಂದಳು. ನನಗೆ ಏನೂ ಕೇಳಿಸಲಿಲ್ಲ. ಆದರೂ ಷೆಡ್ಡಿಗೆ ತಂದು ಕಾಗದ ಹಿಡಿದು ನೋಡಿದೆ. ಹತ್ತು ಬ್ಲೇಡು ಕತ್ತರಿಸಿದವು, ಹನ್ನೊಂದನೆಯದರಲ್ಲಿ ಕಾಗದ ಮಡಚಿತು. ಹರಳು ಕಚ್ಚಿ ಸಾಸಿವೆಯಷ್ಟು ಹಲ್ಲು ಬಿದ್ದಿತ್ತು. ಎಲ್ಲಾ ಗ್ರೀನ್ ಮುಗಿಸಿದ್ದರೆ ಆರರಲ್ಲೂ ಸಣ್ಣ ಕೂದಲಿನಂಥ ಗೆರೆ ಉಳಿಯುತ್ತಿತ್ತು. ಮರುದಿನ ಹುಲ್ಲಿನ ತುದಿ ನೋಡಿಯೂ ಆಕೆ ಹೇಳುತ್ತಿದ್ದಳು. ತುದಿ ಬಿಳಿಚಿದ್ದರೆ ಬ್ಲೇಡು ಕತ್ತರಿಸಿಲ್ಲ, ಹರಿದಿದೆ ಎಂದರ್ಥ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಆಕೆ ಕೂತು ಕಳೆ ಕೀಳುವಾಗ ಮೂಗಿನ ಕೆಳಗೇ ನೋಡಿದ್ದಳು.

ಟ್ರಯಲ್ಲಿನ ಐದನೇ ತಿಂಗಳು ಮುಂದಿನ ರೋಲರಿನ ಬೇರಿಂಗ್ ಹಿಡಿದುಕೊಂಡಿತು, ರೋಲರ್ ಕೂಡ ಸವೆದಿತ್ತು. ಹೊಸದನ್ನು ತರಿಸಿದರೆ ಬರಲು ತಿಂಗಳುಗಟ್ಟಲೆ ಬೇಕು. ಆ ಭಾನುವಾರ ಕ್ಲಬ್ಬಿನಲ್ಲಿ ಪಂದ್ಯ, ಹೊರಗಿನ ಅತಿಥಿಗಳು ಬರುವವರಿದ್ದರು. ಕಾರ್ಖಾನೆಯ ಮೆಷಿನ್ ಶಾಪು ವಾರ್ಷಿಕ ರಿಪೇರಿಯಲ್ಲಿ ಮುಳುಗಿತ್ತು. ನಾನು ಒಂದು ಉಕ್ಕಿನ ಪೈಪನ್ನು ಸ್ಕೂಟರಿಗೆ ಕಟ್ಟಿಕೊಂಡು ದಾವಣಗೆರೆಗೆ ಬಂದು, ಕೆ.ಬಿ. ಬಡಾವಣೆಯ ಹಿಂದುಗಡೆ ನನ್ನ ಐಟಿಐ ಗೆಳೆಯನ ಅಂಗಡಿಗೆ, ಉಕ್ಕನ್ನು ತಿರುಗಿಸಿ ಕಡೆಯುವ ಲೇತ್ ಇದ್ದಲ್ಲಿಗೆ, ಹೋದೆ. ಅವನು ಊಟಕ್ಕೆ ಹೊರಟಿದ್ದ. "ನಿಂಗೇನು ಹೇಳ್ಕೊಡ್ಬೇಕಾ, ನೀನೇ ಹೊಡ್ಕ" ಎಂದು ಹೋದ. ನಾನೇ ಲೇತಿನ ಮುಂದೆ ನಿಂತೆ. ಬಹಳ ದಿನದ ಮೇಲೆ ಲೇತ್ ಹಿಡಿದ ಖುಷಿ ಇತ್ತು, ಸುಳ್ಳು ಹೇಳುವುದಿಲ್ಲ. ರೋಲರ್ ಕನ್ನಡಿಯಂತೆ ಬಂತು. ಒಂದು ತುದಿಯಲ್ಲಿ ವರ್ನಿಯರ್ ಮಾಪಕ ಇಟ್ಟು ದಪ್ಪ ನೋಡಿದೆ, ಅಳತೆ ಸರಿಯಿತ್ತು. ಗೆಳೆಯ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದಿದ್ದ, ತಿಂದು ಹೊರಟೆ.

ಮರುದಿನ ಗುರುವಾರ ಬೆಳಿಗ್ಗೆ ರೋಲರ್ ಜೋಡಿಸಿದೆ. ಪಂದ್ಯಕ್ಕಾಗಿ ಎತ್ತರವನ್ನು ಐದು ಮಿಲಿಮೀಟರಿನಿಂದ ನಾಲ್ಕಕ್ಕೆ ಇಳಿಸಬೇಕೆಂದು ಸಾಹೇಬರ ಆದೇಶವಿತ್ತು. ಎಡ ತುದಿಯಲ್ಲಿ ಅಳೆಯುವ ಪಟ್ಟಿ ಇಟ್ಟು ನಾಲ್ಕಕ್ಕೆ ತಂದೆ. ಬಲ ತುದಿಯಲ್ಲಿ ಪಟ್ಟಿ ಇಡಲಿಲ್ಲ. ನಾನೇ ಹೊಡೆದ ರೋಲರ್, ಎರಡೂ ಕಡೆ ಒಂದೇ ಇರುತ್ತದೆ ಎಂದುಕೊಂಡು, ಬಲಗಡೆಯ ಸ್ಕ್ರೂವನ್ನು ಎಡಗಡೆಯಷ್ಟೇ ಸುತ್ತು ತಿರುಗಿಸಿ ಬಿಗಿದೆ. ಅಳೆಯದೆ ನಾನು ಉಳಿಸಿಕೊಂಡದ್ದು ಒಂದು ನಿಮಿಷದ ಕೆಲಸ.

ಹನುಮಕ್ಕ ಮೊದಲನೇ ಗ್ರೀನಿನಲ್ಲಿ ನಾಲ್ಕು ಸಾಲು ಹೊಡೆದು ನಿಲ್ಲಿಸಿದಳು.

"ಬಸಣ್ಣ, ಬಲಕ್ಕ ಎಳಿತೈತ್ರಿ."

"ಹೊಸ ರೋಲರ್ ಐತೆ. ಕುಂದ್ರೋ ತನಕ ಹಂಗೆ."

"ಎಡಗೈ ಒತ್ತಿ ಹಿಡೀಬೇಕು. ಮೊದ್ಲು ಹಿಂಗಿರ್ಲಿಲ್ಲ. ಹುಲ್ಲೂ ಯಾಕೋ ಬಿಳುಪು ಕಾಣ್ತೈತೆ."

"ಒಂದು ಮಿಲ್ಲಿ ಇಳ್ಸೀವಲ್ಲ, ಬಿಳುಪು ಕಾಣದೆ ಇನ್ನೇನು? ನಡಿ, ಬಿಸ್ಲು ಏರತೈತೆ."

ಆಕೆ ಹೊರಟಳು. ಎರಡನೇ ಗ್ರೀನ್ ಮುಗಿಸಿದ ಮೇಲೆ ತಾನಾಗಿಯೇ ಯಂತ್ರವನ್ನು ಷೆಡ್ಡಿಗೆ ತಂದು ನಿಲ್ಲಿಸಿ, ಇದನ್ನು ನೋಡಿದ ಹೊರತು ಮುಂದಿನದನ್ನು ಹೊಡೆಯುವುದಿಲ್ಲ ಎಂದಳು. ನನಗೆ ಸಿಟ್ಟು ಬಂತು. ಪಂಪ್ ಹೌಸಿನಿಂದ ಬೇರೆ ಕರೆ ಬಂದಿತ್ತು, ಹೋದೆ. ಆ ದಿನ ಯಂತ್ರ ಹಾಗೇ ನಿಂತಿತು.

ಶುಕ್ರವಾರ ಬೆಳಿಗ್ಗೆ ಎರಡೂ ಗ್ರೀನ್ ಕಂದು ಬಣ್ಣಕ್ಕೆ ತಿರುಗಿದ್ದವು. ಹುಲ್ಲಿನ ಎಲೆ ಹೋಗಿ ಬುಡ ಮಾತ್ರ ಉಳಿದಿತ್ತು, ಬಿಸಿಲು ಅದನ್ನು ಸುಟ್ಟಿತ್ತು. ಮೂರ್ತಿ ಸಾಹೇಬರು ಗ್ರೀನಿನ ಅಂಚಿನಲ್ಲಿ ನಿಂತು ಬಹಳ ಹೊತ್ತು ನೋಡಿದರು. ಕೂಗಾಡಲಿಲ್ಲ. "ಹಿಡಿಕೆ ಮೇಲೆ ಭಾರ ಹಾಕಿ ನಡೆಸಿದ್ದಾಳೆ. ನಾನು ಮೊದಲೇ ಹೇಳಿದ್ದೆ" ಎಂದರು. ಹನುಮಕ್ಕ ಬಾಯಿ ತೆರೆಯುವ ಮೊದಲೇ, "ನಾಳೆಯಿಂದ ಕಳೆ ಗುಂಪಿಗೆ ಹೋಗಮ್ಮ" ಎಂದು ನಡೆದುಬಿಟ್ಟರು. ನಾನು ಪಕ್ಕದಲ್ಲೇ ಇದ್ದೆ. ಆಗ ನನಗೂ ಕಾರಣ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಆದರೆ ಬಲಕ್ಕೆ ಎಳೆಯುತ್ತಿದೆ ಎಂದು ಆಕೆ ಹೇಳಿದ್ದು ಗೊತ್ತಿತ್ತು, ಅದನ್ನಾದರೂ ಹೇಳಬಹುದಿತ್ತು.

ಅದೇ ಮಧ್ಯಾಹ್ನ ಕ್ಲಬ್ಬಿನ ತಾರಸಿಯ ನೀರಿನ ತೊಟ್ಟಿ ತುಂಬಿ ಹರಿಯುತ್ತಿದೆ ಎಂದು ಕರೆದರು. ವಾಲ್ವ್ ಸರಿಮಾಡಿ ಕೈ ಒರೆಸಿಕೊಳ್ಳುತ್ತ ಕೆಳಗೆ ನೋಡಿದೆ. ನೆಲದ ಮೇಲೆ ನಿಂತಾಗ ಎಲ್ಲೆಂದರಲ್ಲಿ ಸುಟ್ಟಂತೆ ಕಂಡ ಗ್ರೀನು ಮೇಲಿನಿಂದ ಬೇರೆಯಾಗಿ ಕಂಡಿತು. ಒಂದು ಕಂದು ಪಟ್ಟೆ, ನಂತರ ಅಗಲವಾದ ಹಸಿರು, ಮತ್ತೆ ಕಂದು ಪಟ್ಟೆ, ಮತ್ತೆ ಹಸಿರು. ಟೇಪು ಹಿಡಿದು ಎಳೆದಂತೆ ಸಮ ಅಂತರ. ಮನುಷ್ಯನ ಕೈತಪ್ಪು ಇಷ್ಟು ಸಮವಾಗಿ ಬೀಳುವುದಿಲ್ಲ. ಯಂತ್ರ ಹೋಗುವಾಗ ಅದರ ಬಲ ಅಂಚು ತಗ್ಗಿ ಕತ್ತರಿಸಿದೆ, ತಿರುಗಿ ಪಕ್ಕದ ಸಾಲಿನಲ್ಲಿ ಬರುವಾಗಲೂ ಅದೇ ಬಲ ಅಂಚು. ಎರಡು ತಗ್ಗು ಅಂಚುಗಳು ಒಂದರ ಪಕ್ಕ ಒಂದು ಕೂಡಿ ಒಂದು ಪಟ್ಟೆ. ತಾರಸಿಯಿಂದ ಇಳಿದೆ.

ಷೆಡ್ಡಿಗೆ ಹೋಗಿ ಬಲ ತುದಿಯಲ್ಲಿ ಅಳೆದೆ. ನಂತರ ರೋಲರ್ ಬಿಚ್ಚಿ ಎರಡೂ ತುದಿಯ ದಪ್ಪ ನೋಡಿದೆ. ಬಲ ತುದಿ ಸುಮಾರು ಎರಡು ಮಿಲಿಮೀಟರ್ ಸಣ್ಣ, ಅದಕ್ಕೇ ಯಂತ್ರ ಆ ಕಡೆ ನೆಲಕ್ಕೆ ತಗ್ಗಿತ್ತು. ಗೆಳೆಯನಿಗೆ ಫೋನ್ ಮಾಡಿದೆ. ನಾನು ಹೋಗುವ ಹಿಂದಿನ ದಿನ ಅವನು ಯಾವುದೋ ಓರೆಯಾದ ಪಿನ್ನು ಹೊಡೆಯಲು ಲೇತಿನ ಹಿಂಭಾಗವನ್ನು ಒಂದು ಕಡೆ ಸರಿಸಿದ್ದ, ವಾಪಸ್ ತಂದಿರಲಿಲ್ಲ; ಹಾಗಿದ್ದರೆ ಅದರಲ್ಲಿ ಹೊಡೆದದ್ದೆಲ್ಲ ಒಂದು ತುದಿಗೆ ಸಣ್ಣಗಾಗುತ್ತದೆ. "ಹೊಡಿಯೋಕಿಂತ ಮುಂಚೆ ನೋಡ್ಕಂತೀಯ ಅನ್ಕಂಡೆ" ಎಂದ. ಅವನು ಹೇಳಿದ್ದು ಸರಿ. ಬೇರೆಯವರ ಲೇತ್ ಹಿಡಿಯುವವನು ಮೊದಲು ಅದನ್ನು ಪರೀಕ್ಷಿಸಬೇಕು, ಐಟಿಐಯ ಮೊದಲ ತಿಂಗಳಲ್ಲಿ ಕಲಿಯುವ ಪಾಠ. ಓರೆಯಾದ ರೋಲರ್ ಸಣ್ಣ ತುದಿಯ ಕಡೆಗೇ ತಿರುಗುತ್ತದೆ. ಬಲಕ್ಕೆ ಎಳೆಯುತ್ತದೆ.

ಇಲ್ಲಿಂದ ಮುಂದಿನದು ನಾನು ಆ ಕ್ರಿಕೆಟ್ ಅಂಗಳದಲ್ಲಿ ಹೇಳದೆ ಬಂದ ಭಾಗ. ನೇರವಾಗಿ ಸಾಹೇಬರ ಬಳಿ ಹೋಗಬೇಕಿತ್ತು. ಮೊದಲು ಯಂತ್ರ ಸರಿಮಾಡೋಣ, ಪಂದ್ಯ ಹತ್ತಿರವಿದೆ, ಆಮೇಲೆ ಹೇಳಿದರಾಯಿತು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಮೆಷಿನ್ ಶಾಪಿನವರ ಕೈಕಾಲು ಹಿಡಿದು, ಸಂಜೆಯೊಳಗೆ ಅದೇ ರೋಲರನ್ನು ಎರಡೂ ತುದಿ ಸಮವಾಗುವಂತೆ ಹೊಡೆದು ತಂದು ಕೂರಿಸಿದೆ. ಈ ಸಲ ಎರಡೂ ತುದಿಯಲ್ಲಿ ಅಳೆದೆ. ಶನಿವಾರ ಸಾಹೇಬರು ತೋಟದ ತಿಪ್ಪೇಶನೆಂಬ ಕೆಲಸಗಾರನ ಕೈಗೆ ಯಂತ್ರ ಕೊಟ್ಟರು. ಅವನು ಉಳಿದ ನಾಲ್ಕು ಗ್ರೀನುಗಳನ್ನು ಹೊಡೆದ. ಒಂದರಲ್ಲೂ ಕಲೆಯಿಲ್ಲ.

ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ನೋಡಿದ್ರಾ ಬಸವರಾಜಪ್ಪ? ಅದೇ ಮೆಷಿನ್, ಅದೇ ಫಿಟ್ಟರ್. ಆಳು ಬದಲಾದ, ಕೆಲಸ ಸರಿಹೋಯ್ತು."

ನಾನು ಗುಟ್ಟಾಗಿ ಮಾಡಿದ ರಿಪೇರಿಯೇ ಹನುಮಕ್ಕನ ವಿರುದ್ಧ ಸಾಕ್ಷಿಯಾಯಿತು. ಆ ಗಳಿಗೆಯಲ್ಲೂ ನಾನು ಬಾಯಿ ಬಿಡಲಿಲ್ಲ. ಭಾನುವಾರ ಪಂದ್ಯ ನಾಲ್ಕು ಕುಳಿಗಳಲ್ಲಿ ನಡೆಯಿತು. ಅತಿಥಿಗಳು ಊಟ ಮಾಡಿ, ಹೊಳೆ ನೋಡಿ ಹೋದರು. ಹನುಮಕ್ಕ ಸುಟ್ಟ ಗ್ರೀನಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಒಣಗಿದ ಬುಡಗಳನ್ನು ಕಿತ್ತು, ಹೊಸ ಹುಲ್ಲಿನ ತುಂಡುಗಳನ್ನು ಕೂರಿಸುತ್ತಿದ್ದಳು. ನಾನು ಆ ದಾರಿ ಬಿಟ್ಟು ಕ್ಲಬ್ಬಿನ ಹಿಂದಿನಿಂದ ಓಡಾಡತೊಡಗಿದೆ. ಹೀಗೆ ಹನ್ನೊಂದು ದಿನ ಕಳೆದೆ.

ಹನ್ನೊಂದನೇ ದಿನ ತಿಪ್ಪೇಶನನ್ನು ಯಂತ್ರಕ್ಕೆ ಖಾಯಂ ಮಾಡುವ ಆದೇಶ ಟೈಪಾಗುತ್ತಿದೆ ಎಂದು ಆಫೀಸಿನಲ್ಲಿ ಕೇಳಿದೆ. ಅದು ಹೊರಬಿದ್ದರೆ ಹನುಮಕ್ಕನ ಬಾಗಿಲು ಮುಚ್ಚಿದಂತೆ. ಅಂದು ಸಾಹೇಬರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ನಂಬಲಿಲ್ಲ.

"ನಿಮ್ಮ ಕೈಯಲ್ಲಿ ಎರಡು ಮಿಲ್ಲಿ ತಪ್ಪಾ? ನಾನು ನಂಬಬೇಕಾ? ಆಕೆಗೆ ಮೊದಲಿನಿಂದ ಶಿಫಾರಸು ಮಾಡಿದವರು ನೀವೇ. ಪಾಪ ಅನ್ನಿಸಿದೆ, ತಪ್ಪು ನಿಮ್ಮ ಮೇಲೆ ಹಾಕ್ಕೊಳ್ತಾ ಇದ್ದೀರಿ. ಎಲ್ಲಿ ಆ ರೋಲರ್?"

ರೋಲರ್ ಎಲ್ಲಿದೆ ಎಂದು ಏನು ಹೇಳಲಿ? ಅದನ್ನು ನಾನೇ ಸರಿಮಾಡಿದ್ದೆ. ತಪ್ಪಿನ ಗುರುತು ಜಗತ್ತಿನಲ್ಲಿ ಎಲ್ಲೂ ಉಳಿದಿರಲಿಲ್ಲ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಒಳ್ಳೆಯ ಹೆಸರೇ ನನ್ನ ಮಾತನ್ನು ಸುಳ್ಳು ಮಾಡಿತು.

ಒಂದೇ ದಾರಿ ಉಳಿದಿತ್ತು. ಷೆಡ್ಡಿನ ಹಿಂದೆ, ಗ್ರೀನಿಗೆ ತೇಪೆ ಹಾಕಲು ಹುಲ್ಲು ಬೆಳೆಸುವ ಒಂದು ತುಂಡು ನೆಲವಿತ್ತು. ಅಲ್ಲಿ ನಾಲ್ಕು ಸಾಲು ಹೊಡೆಯಲು ಅಪ್ಪಣೆ ಕೇಳಿದೆ. ಸಾಹೇಬರು ಬೇಸರದಿಂದಲೇ ಒಪ್ಪಿದರು. ಬಲಗಡೆಯ ಸ್ಕ್ರೂ ತಿರುಗಿಸಿ ಕತ್ತರಿಸುವ ಎತ್ತರವನ್ನು ಆ ತುದಿಯಲ್ಲಿ ಅಂದು ಇದ್ದಷ್ಟೇ ತಗ್ಗಿಸಿದೆ, ಅಳತೆಯನ್ನು ಅವರ ಮುಂದೆಯೇ ಓದಿ ಹೇಳಿದೆ. ಬೇರೆಯವರ ಕೈಗೆ ಕೊಟ್ಟರೆ ಮತ್ತೆ ಕೈಯ ಮೇಲೆ ಮಾತು ಬರುತ್ತದೆಂದು ನಾನೇ ಹಿಡಿದು ನಡೆಸಿದೆ. ಯಂತ್ರ ಬಲಕ್ಕೆ ಎಳೆಯಿತು. ಎಡಗೈ ಒತ್ತಿ ಹಿಡಿಯಬೇಕಾಯಿತು. ಹನುಮಕ್ಕ ಹೇಳಿದ್ದನ್ನು ನಾನು ನನ್ನ ಕೈಯಲ್ಲಿ ಅನುಭವಿಸಿದ್ದು ಅಂದೇ ಮೊದಲು.

ಎರಡು ದಿನ ಬಿಟ್ಟು ಸಾಹೇಬರನ್ನು ಷೆಡ್ಡಿನ ಪಕ್ಕದ ಏಣಿ ಹತ್ತಿಸಿದೆ. ಕೆಳಗೆ ಎರಡು ಕಂದು ಪಟ್ಟೆ, ನಡುವೆ ಹಸಿರು. ಅವರು ಇಳಿದು ಬಂದು ಜೇಬಿನ ಟೇಪು ತೆಗೆದು ಅಂತರ ಅಳೆದರು. ನಂತರ ಎರಡನೇ ಗ್ರೀನಿಗೆ ಹೋಗಿ, ಇನ್ನೂ ತೇಪೆ ಹಾಕದೆ ಉಳಿದಿದ್ದ ಅಂಚಿನಲ್ಲಿ ಅಳೆದರು. ಟೇಪನ್ನು ಜೇಬಿಗೆ ಹಾಕುತ್ತ ಕೇಳಿದರು:

"ಇಷ್ಟು ದಿನ ಯಾಕೆ ಸುಮ್ಮನಿದ್ರಿ?"

"ಹೆದರಿದ್ದೆ ಸರ್."

"ಯಾತಕ್ಕೆ? ನಿಮ್ಮ ಕೆಲಸ ಹೋಗ್ತಿರಲಿಲ್ಲವಲ್ಲ."

ಹೋಗುತ್ತಿರಲಿಲ್ಲ, ನಿಜ. ನಾನು ಖಾಯಂ ನೌಕರ, ಹೆಚ್ಚೆಂದರೆ ಒಂದು ಮೆಮೊ. ಬಸವರಾಜಪ್ಪ ಎರಡೂ ತುದಿ ಅಳೆಯಲಿಲ್ಲವಂತೆ ಎಂದು ನಾಲ್ಕು ಜನ ಫಿಟ್ಟರುಗಳು ಕ್ಯಾಂಟೀನಿನಲ್ಲಿ ಆಡಿಕೊಳ್ಳುತ್ತಾರಲ್ಲ, ಅಷ್ಟಕ್ಕೆ ಹೆದರಿದ್ದೆ. ಆ ಒಂದು ಮಾತನ್ನು ತಪ್ಪಿಸಿಕೊಳ್ಳಲು ಒಬ್ಬ ಹೆಂಗಸನ್ನು ಹದಿಮೂರು ದಿನ ಕುಕ್ಕರುಗಾಲಲ್ಲಿ ಕೂರಿಸಿದ್ದೆ. ನಾಚಿಕೆಯಾಯಿತು. ಈಗ ಬರೆಯುವಾಗಲೂ ಆಗುತ್ತಿದೆ. ಮೆಮೊ ಬಂತು, ಸಹಿ ಹಾಕಿ ತೆಗೆದುಕೊಂಡೆ. ಕ್ಯಾಂಟೀನಿನಲ್ಲಿ ಎರಡು ದಿನ ಆಡಿಕೊಂಡರು, ಮೂರನೇ ದಿನ ಮರೆತರು.

ಈಗಿನ ಯಂತ್ರಗಳು ಬೇರೆ. ಎತ್ತರವನ್ನು ಅಂಕೆಯಲ್ಲಿ ತೋರಿಸುವ ಗೇಜು ಬಂದಿದೆ, ರೀಲನ್ನು ತಾನೇ ಸಾಣೆ ಹಿಡಿಯುವ ಗ್ರೈಂಡರ್ ಬಂದಿದೆ. ದಿನಪತ್ರಿಕೆ ಹರಿಯುವವರನ್ನು ಕಂಡರೆ ಹುಡುಗರು ನಗುತ್ತಾರೆ, ನಗಲಿ. ಆದರೆ ಯಂತ್ರ ನಡೆಸುವವರು ಬಂದು ಏನೋ ಸರಿಯಿಲ್ಲ ಎಂದರೆ, ಅವರಿಗೆ ಹೆಸರಿಟ್ಟು ಹೇಳಲು ಬಾರದಿದ್ದರೂ, ಅಂಕೆ ಏನು ತೋರಿಸಿದರೂ, ಮೊದಲು ಎಂಜಿನ್ ಬಂದ್ ಮಾಡಿ ನೋಡಿ. ನಿಮ್ಮ ಗೇಜು ದಿನಕ್ಕೊಮ್ಮೆ ಯಂತ್ರವನ್ನು ಮುಟ್ಟುತ್ತದೆ, ಅವರ ಕೈ ಇಡೀ ಬೆಳಿಗ್ಗೆ ಅದರ ಮೇಲಿರುತ್ತದೆ.

ಸಾಹೇಬರು ಹನುಮಕ್ಕನನ್ನು ಕರೆಸಿ, ಯಂತ್ರ ಇನ್ನು ನಿನ್ನದೇ, ಟ್ರಯಲ್ ಮುಗಿಯಿತು ಎಂದರು. ತಿಪ್ಪೇಶ ಸಂತೋಷದಿಂದ ಗಿಡಗಳ ಕಡೆ ಹೋದ, ಅವನಿಗೆ ಈ ಶಬ್ದ ಆಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ಯಂತ್ರವನ್ನು ಸಿದ್ಧ ಮಾಡಿ ಷೆಡ್ಡಿನ ಬಾಗಿಲಲ್ಲಿ ನಿಲ್ಲಿಸಿ ಕಾಯುತ್ತಿದ್ದೆ. ಆಕೆ ಬಂದಳು. ಹಿಡಿಕೆ ಮುಟ್ಟಲಿಲ್ಲ.

"ತಗಳವ್ವ, ಎಲ್ಲಾ ಸರಿ ಮಾಡೀನಿ. ಸಾಹೇಬ್ರಿಗೂ ಎಲ್ಲಾ ಹೇಳೀನಿ" ಎಂದೆ.

"ಗೊತ್ತಾತು. ಏಣಿ ಹತ್ತಿದ್ದು ನೋಡ್ದೆ. ಅದಕ್ಕೂ ಮೊದ್ಲು, ಆ ಶುಕ್ರಾರ ಸಂಜೀಗೆ ನೀವು ರೋಲರ್ ಬಗಲಾಗ ಇಟ್ಕಂಡು ಹೋಗಿದ್ದೂ ನೋಡ್ದೆ."

"ಹಂಗಾದ್ರೆ ಆಗ್ಲೇ ಯಾಕ ಹೇಳ್ಲಿಲ್ಲ?"

"ಕಳೆ ಕೀಳೋಳು ಹೇಳಿದ್ರೆ ಯಾರ್ ನಂಬ್ತಿದ್ರು? ನೀವೇ ನಂಬ್ಲಿಲ್ಲ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ." ಆಮೇಲೆ ಹೇಳಿದಳು: "ಸಾಹೇಬ್ರಿಗೆ ಹೇಳಿದ್ರಿ. ಆಫೀಸ್ನಾಗ ಮೆಮೊಕ್ಕೆ ಸಹಿ ಹಾಕಿದ್ರಿ. ಕ್ಯಾಂಟೀನ್ನಾಗೂ ಎಲ್ರಿಗೂ ಗೊತ್ತಾತು. ನನಗೆ ಮಾತ್ರ ಇನ್ನೂ ಹೇಳಿಲ್ಲ ಬಸಣ್ಣ."

ನಿಜ. ಹದಿಮೂರು ದಿನದಲ್ಲಿ ಆಕೆಗೆ ಮಾತ್ರ ನಾನು ಹೇಳಿರಲಿಲ್ಲ. ಅದು ನನಗೆ ಹೊಳೆದೂ ಇರಲಿಲ್ಲ.

ಹೇಳಿದೆ. ಲೇತ್, ಪಿನ್ನು, ಟ್ರಯಲ್ಲು, ಪಂದ್ಯ ಯಾವುದನ್ನೂ ನಡುವೆ ತರದೆ, "ನೀನು ಹೇಳಿದ್ದು ಸರಿ ಇತ್ತು ಹನುಮಕ್ಕ, ನಾನು ಕೇಳ್ಲಿಲ್ಲ. ತಪ್ಪು ನಂದು. ಗೊತ್ತಾದ ಮ್ಯಾಲೂ ಸುಮ್ನಿದ್ದೆ" ಎಂದೆ. ಸಾಹೇಬರ ಮೇಜಿನ ಮುಂದೆ ಹೇಳಿದ್ದಕ್ಕಿಂತ ಇದು ಕಷ್ಟವಾಯಿತು. ಹೋಗಲಿ ಬಿಡ್ರಿ ಎನ್ನುತ್ತಾಳೆಂದು ಕಾದೆ. ಆಕೆ ಹಾಗೆನ್ನಲಿಲ್ಲ.

"ಹೂಂ" ಎಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಂಜಿನ್ ಶುರು ಮಾಡಿ, ಮೊದಲನೇ ಗ್ರೀನಿನ ಕಡೆ ಹೋದಳು.